ಮೊದಲು ಸೊಂಟ, ಆಮೇಲೆ ತುತ್ತು

ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಮೈಯ ಚಲನೆ ಮತ್ತು ಭಂಗಿ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಮಗುವನ್ನು ಥೆರಪಿಗೆ ಕರೆದೊಯ್ದರೆ ಮರಳುವಾಗ ಕೈಗೊಂದು ವ್ಯಾಯಾಮದ ಪಟ್ಟಿ ಬರುತ್ತದೆ. ಎಂಟೋ ಹತ್ತೋ ವ್ಯಾಯಾಮ, ಒಂದೊಂದೂ ಹತ್ತು ಸಲ, ದಿನಕ್ಕೆರಡು ಹೊತ್ತು. ಮುಂದಿನ ಸಲ ಹೋದಾಗ ಮೊದಲ ಪ್ರಶ್ನೆಯೇ "ಮನೇಲಿ ಮಾಡಿಸಿದ್ರಾ?" ಎಂಬುದು. ಅಮ್ಮ "ಹೂಂ" ಅನ್ನುತ್ತಾಳೆ. ಮಾಡಿಸಿರುವುದಿಲ್ಲ. ಒಂದು ಊಟಕ್ಕೆ ಮುಕ್ಕಾಲು ಗಂಟೆ, ಬಟ್ಟೆ ತೊಡಿಸಲು ಕಾಲು ಗಂಟೆ, ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು ಎಂದು ಮೊದಲೇ ತುಂಬಿಹೋದ ದಿನದೊಳಗೆ ಆ ಪಟ್ಟಿಯನ್ನು ಎಲ್ಲಿ ತೂರಿಸುವುದು? ಅವಳ ಸುಳ್ಳಿನಲ್ಲಿ ಅರ್ಧ ಪಾಲು ಪಟ್ಟಿ ಬರೆದವರದ್ದು.

ಅಷ್ಟಕ್ಕೂ ಆ ಪಟ್ಟಿಯ ಬಹುಭಾಗವನ್ನು ತುಂಬುವುದು ಬಿಗಿದ ಕೈಕಾಲನ್ನು ಹಿಡಿದು ಹಿಗ್ಗಿಸುವ ವ್ಯಾಯಾಮಗಳು. ಈ ಬಗೆಯ ಹಿಗ್ಗಿಸುವಿಕೆಯ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ 2017ರ ಕೊಕ್ರೇನ್ ವಿಮರ್ಶೆ, ಏಳು ತಿಂಗಳಿಗಿಂತ ಕಡಿಮೆ ಕಾಲ ಮಾಡಿದ ಹಿಗ್ಗಿಸುವಿಕೆಯಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಲಾಭವಾಗಿಲ್ಲ ಎಂದಿತು. ಥೆರಪಿ ಬಿಟ್ಟುಬಿಡಿ ಎಂಬುದು ಇದರರ್ಥವಲ್ಲ. ಹಿಗ್ಗಿಸುವಿಕೆ ತಪ್ಪಿಹೋಯಿತೆಂದು ರಾತ್ರಿ ಕೊರಗುವ ಅಮ್ಮಂದಿರು ಆ ಕೊರಗನ್ನು ಬಿಡಬಹುದು, ಅಷ್ಟೇ.

ಹೇಗಿದ್ದರೂ ನಡೆದೇ ತೀರುವ ಕೆಲಸಗಳಿವೆ: ಕೂರಿಸುವುದು, ಉಣಿಸುವುದು, ಎತ್ತುವುದು, ಬಟ್ಟೆ ತೊಡಿಸುವುದು. ಇವಕ್ಕೆ ಹೊಸದಾಗಿ ಸಮಯ ಹುಡುಕಬೇಕಿಲ್ಲ. ಇವನ್ನು ಮಾಡುವ ರೀತಿ ಬದಲಾದರೆ ದಿನಕ್ಕೆ ಹತ್ತಾರು ಸಲ ಮಗುವಿಗೆ ಅದರ ಫಲ ಸಿಗುತ್ತದೆ. ಅದರಲ್ಲೂ ಮೊದಲು ಸರಿಪಡಿಸಬೇಕಾದದ್ದು ಕೂರುವ ಭಂಗಿ. ಕುತ್ತಿಗೆ ನಿಲ್ಲುವುದಿಲ್ಲ, ಕೈ ಬಾಯಿಗೆ ಹೋಗುವುದಿಲ್ಲ, ನುಂಗುವಾಗ ಕೆಮ್ಮು ಬರುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಸಲ ತೊಡಕಿರುವುದು ಕುತ್ತಿಗೆ, ಕೈ, ಗಂಟಲಿಗಿಂತ ಕೆಳಗೆ, ಸೊಂಟದಲ್ಲಿ.

ಸೊಂಟ ಹಿಂದಕ್ಕೆ ಮಗುಚಿಕೊಂಡರೆ ಮಗು ಪೃಷ್ಠದ ಬದಲು ಬೆನ್ನಿನ ಬುಡದ ಮೇಲೆ ಕೂರುತ್ತದೆ. ಆಗ ಬೆನ್ನು ಗೂನಾಗುತ್ತದೆ, ಭುಜ ಮುಂದಕ್ಕೆ ಬೀಳುತ್ತದೆ, ಮುಂದೆ ನೋಡಬೇಕೆಂದರೆ ಗದ್ದ ಮೇಲೆತ್ತಬೇಕಾಗುತ್ತದೆ. ಗದ್ದ ಮೇಲೆದ್ದ ಸ್ಥಿತಿಯಲ್ಲಿ ನುಂಗುವುದು ಯಾರಿಗಾದರೂ ಕಷ್ಟ. ಬೇಕಿದ್ದರೆ ನೀವೇ ಮುಖವನ್ನು ಸೂರಿನ ಕಡೆಗೆತ್ತಿ ಒಮ್ಮೆ ಉಗುಳು ನುಂಗಿ ನೋಡಿ. ನುಂಗಿದ್ದು ಶ್ವಾಸನಾಳದ ಕಡೆ ಜಾರುವ ಸಾಧ್ಯತೆಯೂ ಹೆಚ್ಚುತ್ತದೆ.

ಕೂರಿಸುವುದಕ್ಕೊಂದು ಕ್ರಮವಿದೆ. ಮಗುವನ್ನು ಕುರ್ಚಿಗಿಳಿಸಿ ಮೊದಲು ಮುಂದಕ್ಕೆ ಬಾಗಿಸಿ. ಬಾಗಿದಾಗಲೇ ಸೊಂಟ ಮಡಚುತ್ತದೆ, ಬಿಗಿತ ಸಡಿಲುತ್ತದೆ. ಆ ಬಾಗಿದ ಸ್ಥಿತಿಯಲ್ಲೇ ಪೃಷ್ಠವನ್ನು ಒರಗುಹಲಗೆಗೆ ತಾಗುವವರೆಗೆ ಹಿಂದಕ್ಕೆ ಸರಿಸಿ. ಸರಿದ ಕೂಡಲೇ ಬೆಲ್ಟ್ ಹಾಕಬೇಕು; ಬೆನ್ನು ನೆಟ್ಟಗೆ ಮಾಡಿ ಆಮೇಲೆ ಹಾಕೋಣ ಎಂದರೆ ಅಷ್ಟರಲ್ಲಿ ಮಗು ಮತ್ತೆ ಜಾರಿರುತ್ತದೆ. ಬೆಲ್ಟ್ ಹೊಟ್ಟೆಯ ಮೇಲಲ್ಲ, ತೊಡೆಯ ಮಡಿಕೆಯ ಮೇಲೆ, ಸೀಟಿಗೆ 45ರಿಂದ 60 ಡಿಗ್ರಿ ಓರೆಯಲ್ಲಿ ಹಿಂದಕ್ಕೂ ಕೆಳಕ್ಕೂ ಎಳೆಯುವಂತಿರಬೇಕು. ಬೆಲ್ಟ್ ಮತ್ತು ಮೈ ನಡುವೆ ಎರಡು ಬೆರಳು ಚಪ್ಪಟೆಯಾಗಿ ತೂರುವಷ್ಟೇ ಸಡಿಲ ಸಾಕು. ಹೊಟ್ಟೆಗೆ ಕಟ್ಟಿದ ಬೆಲ್ಟ್‌ನ ಅಪಾಯ ಬೇರೆಯೇ: ಮಗು ಅದರಡಿಯಲ್ಲಿ ಜಾರಿ, ಬೆಲ್ಟ್ ಎದೆಗೆ, ಅಲ್ಲಿಂದ ಕತ್ತಿಗೆ ಏರಬಹುದು. ಎರಡು ತೊಡೆಗಳ ನಡುವಿನ ಗೂಟವನ್ನು ಮಗು ಜಾರದಂತೆ ತಡೆಯಲು ಬಳಸುವವರಿದ್ದಾರೆ. ಅದು ಮಂಡಿಗಳನ್ನು ಅಗಲವಾಗಿರಿಸಲಿಕ್ಕೆ ಮಾತ್ರ. ಜಾರುವ ಮಗುವಿನ ಭಾರವೆಲ್ಲ ಗೂಟಕ್ಕೆ ಬಿದ್ದರೆ ತೊಡೆಸಂದಿಯಲ್ಲಿ ಹುಣ್ಣಾಗುತ್ತದೆ.

ಬೆಲ್ಟ್ ಆದ ಮೇಲೆ ಪಾದ, ಆಮೇಲೆ ಎದೆ, ಕಟ್ಟಕಡೆಗೆ ತಲೆ.

ಕುರ್ಚಿಯ ಅಳತೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಸೀಟಿನ ಆಳ. ಪೃಷ್ಠದ ಹಿಂತುದಿಯಿಂದ ಮಂಡಿಯ ಹಿಂಬದಿಯವರೆಗೆ ಅಳೆದು ಎರಡು ಮೂರು ಸೆಂ.ಮೀ. ಕಳೆಯಿರಿ, ಉಳಿದದ್ದೇ ಸೀಟಿನ ಆಳ. "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎಂದು ಆಳದ ಸೀಟು ಮಾಡಿಸಿದರೆ ಸೀಟಿನಂಚು ಮಂಡಿಯ ಹಿಂದೆ ಒತ್ತುತ್ತದೆ, ಮಗು ಮಂಡಿ ಮಡಚಲು ಮುಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ. ಬಟ್ಟೆಯನ್ನು ಬೆಳವಣಿಗೆಗೆಂದು ದೊಡ್ಡದು ಹೊಲಿಸಬಹುದು, ಕುರ್ಚಿಯನ್ನಲ್ಲ. ಈಗಾಗಲೇ ದೊಡ್ಡ ಕುರ್ಚಿ ಇದ್ದರೆ ಬೆನ್ನ ಹಿಂದೆ ಗಟ್ಟಿಯಾದ ದಪ್ಪ ಹಲಗೆ ಅಥವಾ ಫೋಮ್ ನಿಲ್ಲಿಸಿ ಆಳ ಕಡಿಮೆ ಮಾಡಿಕೊಳ್ಳಿ. ಅಗಲವೆಂದರೆ ಸೊಂಟದ ಅಗಲ ಮತ್ತು ಎರಡು ಸೆಂ.ಮೀ., ಅಂದರೆ ಪಕ್ಕಕ್ಕೊಂದು ಬೆರಳಿನಷ್ಟು ಜಾಗ. ಮೆತ್ತನೆಯ ದಿಂಬುಗಳನ್ನು ಸುತ್ತ ತುರುಕಿ ಸೋಫಾದಲ್ಲಿ ಕೂರಿಸುವುದು ನೋಡಲು ಹಾಯಾಗಿ ಕಾಣುತ್ತದೆ, ಆದರೆ ಮೆತ್ತೆಯಲ್ಲಿ ಸೊಂಟ ಒಂದು ಪಕ್ಕಕ್ಕೆ ಹೂತುಹೋಗುತ್ತದೆ. ಮಗು ಓರೆಯಾಗಿ ಕೂತಿದೆಯೇ ಎಂದು ತಿಳಿಯಲು ಎದುರು ಕೂತು ಸೊಂಟದ ಮುಂದಿನ ಎರಡು ಮೂಳೆಮೊನೆಗಳ ಮೇಲೆ ಎರಡೂ ಹೆಬ್ಬೆರಳಿಡಿ, ಒಂದೇ ಎತ್ತರದಲ್ಲಿರಬೇಕು.

ಪಾದ ತೂಗಾಡಬಾರದು. ಪೂರ್ತಿ ಅಂಗಾಲು ಊರುವಂತೆ ಕೆಳಗೆ ಪೆಟ್ಟಿಗೆಯೋ ಹಲಗೆಯೋ ಇಡಿ. ಇದರಲ್ಲೊಂದು ಸೂಕ್ಷ್ಮವಿದೆ. ತೊಡೆಯ ಹಿಂಭಾಗದ ಸ್ನಾಯು ಬಿಗಿದಿರುವ ಮಗುವಿನ ಪಾದವನ್ನು ಮುಂದಕ್ಕೆ ಚಾಚಿಟ್ಟರೆ ಆ ಸ್ನಾಯು ಸೊಂಟವನ್ನೇ ಹಿಂದಕ್ಕೆ ಮಗುಚುತ್ತದೆ. ಅಂಥ ಮಗುವಿನ ಪಾದ ಮಂಡಿಯ ನೇರಕ್ಕೋ ಒಂದಿಷ್ಟು ಒಳಕ್ಕೋ ಇರಲಿ. ನೆಲದ ಮೇಲೆ ಕಾಲು ಚಾಚಿ ಕೂತಾಗ ಮುದುಡುವ ಮಗುವಿಗೂ ಇದೇ ಉಪಾಯ: ಮಂಡಿ ಮಡಚುವಷ್ಟು ಎತ್ತರದ ಮಣೆಯ ಮೇಲೆ ಕೂರಿಸಿದರೆ ಬೆನ್ನು ತಾನಾಗಿ ಏಳುತ್ತದೆ.

ತಲೆ ಮುಂದಕ್ಕೆ ಬೀಳುತ್ತದೆಂದು ಹಣೆಗೆ ಪಟ್ಟಿ ಕಟ್ಟಬೇಡಿ. ಸೊಂಟ ಸರಿಯಿದ್ದೂ ಬೀಳುತ್ತಿದ್ದರೆ ಇಡೀ ಕುರ್ಚಿಯನ್ನೇ 10ರಿಂದ 15 ಡಿಗ್ರಿ ಹಿಂದಕ್ಕೆ ವಾಲಿಸಿ, ಕುರ್ಚಿಯ ಮುಂದಿನ ಕಾಲುಗಳಡಿ ಹಲಗೆ ಕೊಟ್ಟರೂ ಆದೀತು. ಹಾಗೆ ವಾಲಿಸಿದಾಗ ಕುರ್ಚಿ ಹಿಂದಕ್ಕುರುಳದಂತೆ ಭದ್ರ ಮಾಡಿ. ಒರಗುಹಲಗೆಯನ್ನಷ್ಟೇ ಮಲಗಿಸುವುದು ಬೇರೆ ಸಂಗತಿ. ಆಗ ಸೊಂಟದ ಕೋನ ಬಿಚ್ಚಿಕೊಂಡು, ಮೈ ಸೆಟೆಯುವ ಮಗು ಬಿಲ್ಲಿನಂತೆ ಹಿಂದಕ್ಕೆ ಸೆಟೆದು ಜಾರುತ್ತದೆ. ಟ್ರೇ ಮೊಣಕೈಯ ಎತ್ತರದಲ್ಲಿ ಅಥವಾ ಒಂದೆರಡು ಸೆಂ.ಮೀ. ಮೇಲಿರಲಿ. ಮೊಣಕೈ ಊರಲು ಜಾಗ ಸಿಕ್ಕಿದಾಗ ತಲೆ ನಿಲ್ಲಿಸುವುದೂ ಸುಲಭವಾಗುತ್ತದೆ.

ಇದಕ್ಕೆಲ್ಲ ದುಬಾರಿ ಕುರ್ಚಿಯೇ ಬೇಕೆಂದಿಲ್ಲ. ರಟ್ಟು ಮತ್ತು ಹಳೆಯ ಕಾಗದವನ್ನು ಹಿಟ್ಟಿನ ಅಂಟಿನಿಂದ ಪದರ ಪದರವಾಗಿ ಮೆತ್ತಿ ಗಟ್ಟಿ ಕುರ್ಚಿ ಮಾಡುವ ವಿಧಾನವನ್ನು ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಬೆಳೆಸಿದರು. ಅದು ಹಲವು ದೇಶಗಳಿಗೆ ಹೋಯಿತು. ಒಂದೇ ಮಗುವಿನ ಅಳತೆಗೆ ಮಾಡುವುದು ಅದರ ಗುಣ. ತೇವ ಅದರ ಶತ್ರು: ಪದರಗಳು ಪೂರ್ತಿ ಒಣಗುವ ಮೊದಲೇ ಬಣ್ಣ ಬಳಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಬಳಿಯದೇ ಬಿಟ್ಟರೆ ಚೆಲ್ಲಿದ ನೀರಿಗೇ ಮೆತ್ತಗಾಗುತ್ತದೆ. ಕುರ್ಚಿ ಯಾವುದೇ ಇರಲಿ, ಮೊದಮೊದಲು 20ರಿಂದ 30 ನಿಮಿಷ ಕೂರಿಸಿ, ಕೆಳಗಿಳಿಸಿದ ಮೇಲೆ ಪೃಷ್ಠ, ಬೆನ್ನು, ಮಂಡಿಯ ಹಿಂಭಾಗ ನೋಡಿ. ಅರ್ಧ ಗಂಟೆಯಾದರೂ ಮಾಸದ ಕೆಂಪು ಕಲೆ ಇದ್ದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಚರ್ಮ ಕಪ್ಪಾಗಿರುವ ಮಕ್ಕಳಲ್ಲಿ ಕೆಂಪು ಕಾಣದೇ ಹೋಗಬಹುದು. ಕೈಯಿಟ್ಟು ಆ ಜಾಗ ಬಿಸಿಯಾಗಿದೆಯೇ, ಗಡುಸಾಗಿದೆಯೇ ನೋಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಅಳತೆಯನ್ನೂ ಮತ್ತೆ ತೆಗೆಯಬೇಕು.

ಇನ್ನು ಊಟ. ಉಣಿಸುವವರು ನಿಂತುಕೊಂಡು ಉಣಿಸಿದರೆ ಮಗು ಮುಖ ಮೇಲೆತ್ತುತ್ತದೆ, ಸೊಂಟ ಸರಿಪಡಿಸಿದ್ದೆಲ್ಲ ವ್ಯರ್ಥ. ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಕೂತುಕೊಳ್ಳಿ. ಚಮಚ ಕೆಳಗಿನಿಂದ ಬರಲಿ, ಗದ್ದ ತುಸು ತಗ್ಗಿರಲಿ. ಚಮಚ ಆಳವಿಲ್ಲದ್ದು, ಬಾಯಿಗಿಂತ ಸಣ್ಣದು, ಅರ್ಧ ಮಾತ್ರ ತುಂಬಿದ್ದು. ನಾಲಗೆಯ ನಡುವಿಗೆ ಮೆಲ್ಲಗೆ ಒತ್ತಿ ಕಾಯಿರಿ. ಮೇಲ್ದುಟಿ ಇಳಿದು ಆಹಾರವನ್ನು ತಾನೇ ಎಳೆದುಕೊಂಡ ಮೇಲೆ ಚಮಚವನ್ನು ನೇರವಾಗಿ ಹೊರಗೆ ತೆಗೆಯಿರಿ. ಮೇಲ್ಹಲ್ಲಿಗೆ ಕೆರೆದು ಸುರಿಯುವುದು ಬೇಗ ಮುಗಿಯುತ್ತದೆ ನಿಜ, ಆದರೆ ತುಟಿಗೆ ಕೆಲಸವಿಲ್ಲ, ತಲೆಯೂ ಹಿಂದಕ್ಕೆ ಹೋಗುತ್ತದೆ. ಕೆಲವು ಮಕ್ಕಳು ಚಮಚ ತಾಗಿದೊಡನೆ ಕಚ್ಚಿ ಹಿಡಿಯುತ್ತವೆ. ಅದು ಹಟವಲ್ಲ, ಬಿಡಿಸಿಕೊಳ್ಳಲಾಗದ ಪ್ರತಿಕ್ರಿಯೆ. ಎಳೆದರೆ ಇನ್ನೂ ಬಿಗಿಯಾಗುತ್ತದೆ. ಎಳೆಯದೆ ಸುಮ್ಮನೆ ಹಿಡಿದಿರಿ, ತಾನಾಗಿ ಸಡಿಲುತ್ತದೆ. ಇಂಥ ಮಕ್ಕಳಿಗೆ ಲೋಹದ ಚಮಚ ಹಲ್ಲಿಗೆ ಪೆಟ್ಟು, ತೆಳು ಪ್ಲಾಸ್ಟಿಕ್ಕಿನದು ಬಾಯಲ್ಲೇ ಮುರಿಯುತ್ತದೆ, ಸಿಲಿಕೋನಿನದು ಒಳ್ಳೆಯದು.

ನುಂಗಿದ್ದು ಖಾತರಿಯಾಗದೆ ಮುಂದಿನ ತುತ್ತು ಬೇಡ. ಗಂಟಲ ಗಂಟು ಮೇಲೇರಿ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ತುತ್ತು ಸರಿಯಾಗಿ ನುಂಗುವ ಮಗುವೂ ನೀರಿಗೆ ಕೆಮ್ಮಬಹುದು. ನೀರು ಗಂಟಲಿಗೆ ಬೇಗ ಓಡುತ್ತದೆ, ಶ್ವಾಸನಾಳ ಮುಚ್ಚಿಕೊಳ್ಳುವಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಥೆರಪಿಸ್ಟ್ "ದ್ರವ ಸ್ವಲ್ಪ ಗಟ್ಟಿ ಮಾಡಿ ಕೊಡಿ" ಅನ್ನುತ್ತಾರೆ. ಈ "ಸ್ವಲ್ಪ" ಒಬ್ಬೊಬ್ಬರ ಕೈಯಲ್ಲಿ ಒಂದೊಂದಾಗುತ್ತದೆ. ಅದಕ್ಕೇ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಮಾನದಂಡ ಆಹಾರ ಮತ್ತು ಪಾನೀಯಗಳಿಗೆ 0ಯಿಂದ 7ರವರೆಗೆ ಹಂತಗಳನ್ನು ಕೊಟ್ಟಿದೆ. ಪಾನೀಯವನ್ನು ಅಳೆಯಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಾಕು, ಸೊನ್ನೆಯಿಂದ ಹತ್ತರ ಗೆರೆಯವರೆಗೆ 61.5 ಮಿ.ಮೀ. ಉದ್ದವಿರಬೇಕು ಅಷ್ಟೇ. ಒಳಗಿನ ದಂಡ ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ ಹತ್ತರವರೆಗೆ ದ್ರವ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಎಣಿಸಿ ಮತ್ತೆ ಮುಚ್ಚಿ. 1ರಿಂದ 4 ಮಿ.ಲೀ. ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಹೆಚ್ಚು ಉಳಿದೂ ಒಂದಿಷ್ಟು ಹರಿದಿದ್ದರೆ ಹಂತ 3. ಯಾವ ಹಂತ ಬೇಕೆಂದು ಥೆರಪಿಸ್ಟರನ್ನು ಅಂಕಿಯಲ್ಲೇ ಕೇಳಿ. ಗಟ್ಟಿ ಮಾಡಿಟ್ಟ ಪಾನೀಯ ಹೊತ್ತು ಕಳೆದಂತೆ ಇನ್ನೂ ಗಟ್ಟಿಯಾಗಬಹುದು, ಕೊಡುವ ಮುನ್ನ ಮತ್ತೊಮ್ಮೆ ಅಳೆಯಿರಿ. ಒಂದು ವರ್ಷದೊಳಗಿನ ಕೂಸಿಗೆ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ, ಗಟ್ಟಿ ಮಾಡುವ ಪುಡಿಯನ್ನು ವೈದ್ಯರು ಹೇಳದೆ ಹಾಕಲೇಬಾರದು.

ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿದ್ದರೆ ಕೆಮ್ಮು ಬಂದೇ ಬರುತ್ತದೆ ಎಂಬ ನಂಬಿಕೆ ಅಪಾಯಕಾರಿ. ಕೆಲವು ಮಕ್ಕಳಲ್ಲಿ ಕೆಮ್ಮೇ ಇಲ್ಲದೆ ಇಳಿಯುತ್ತದೆ. ಉಂಡಮೇಲೆ ದನಿ ಒದ್ದೆಯಾಗಿ ಗೊರಗೊರ ಅನ್ನುವುದು, ಉಣ್ಣುವಾಗ ಕಣ್ಣಲ್ಲಿ ನೀರು ಬರುವುದು, ಉಸಿರು ಬಿರುಸಾಗುವುದು, ಕಾರಣ ತಿಳಿಯದ ಜ್ವರ ಪದೇ ಪದೇ ಬರುವುದು, ಎದೆಯ ಸೋಂಕು ಮರುಕಳಿಸುವುದು, ಇವುಗಳಲ್ಲಿ ಯಾವುದಿದ್ದರೂ ನುಂಗುವಿಕೆಯ ಪರೀಕ್ಷೆ ಮಾಡಿಸಬೇಕು. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಹಲ್ಲುಜ್ಜುವುದನ್ನು ತಪ್ಪಿಸಬೇಡಿ, ಬಾಯಲ್ಲುಳಿದ ರೋಗಾಣುಗಳು ಜೊಲ್ಲಿನೊಂದಿಗೆ ಎದೆಗಿಳಿದರೂ ನ್ಯುಮೋನಿಯಾ ಆಗುತ್ತದೆ.

ಒಂದು ಊಟಕ್ಕೆ ದಿನವೂ 30 ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿದ್ದರೆ ಅದನ್ನು ತಾಳ್ಮೆಯ ಪರೀಕ್ಷೆಯೆಂದು ಭಾವಿಸದೆ ವೈದ್ಯರಿಗೆ ಹೇಳಿ. ಅರ್ಧ ಗಂಟೆಯ ನಂತರ ಮಗು ದಣಿದಿರುತ್ತದೆ, ದಣಿದ ಗಂಟಲು ತಪ್ಪು ಮಾಡುತ್ತದೆ. ತಟ್ಟೆಯ ಗಾತ್ರ ಹೆಚ್ಚಿಸುವ ಬದಲು ಅದೇ ತುತ್ತಿನ ಶಕ್ತಿ ಹೆಚ್ಚಿಸಬಹುದು: ಒಂದು ಟೀ ಚಮಚ, ಅಂದರೆ 5 ಮಿ.ಲೀ., ಎಣ್ಣೆಯಲ್ಲಿ ಸುಮಾರು 40 ಕ್ಯಾಲರಿ ಇರುತ್ತದೆ. ಅದರಿಂದಲೂ ತೂಕ ಏರದಿದ್ದರೆ ಹೊಟ್ಟೆಗೆ ನೇರವಾಗಿ ಕೊಳವೆ ಹಾಕುವ ಮಾತು ಬರುತ್ತದೆ. ಬಹಳ ಕುಟುಂಬಗಳು ಇದನ್ನು ಸೋಲೆಂದು ತಿಳಿದು ವರ್ಷಗಟ್ಟಲೆ ಮುಂದೂಡುತ್ತವೆ. ಕೊಳವೆ ಬಂದಮೇಲೂ, ನುಂಗುವುದು ಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡ ಮಗು ರುಚಿಗಾಗಿ ಬಾಯಿಂದ ನಾಲ್ಕು ತುತ್ತು ತಿನ್ನಬಹುದು. ಹೊಟ್ಟೆ ತುಂಬಿಸುವ ಹೊರೆ ಮಾತ್ರ ಆ ತುತ್ತುಗಳ ಮೇಲಿರುವುದಿಲ್ಲ.

ಮಾತು ಬಾರದ ಮಗುವಿಗೆ ಮಾತಿನ ಅವಕಾಶವೂ ಊಟದಲ್ಲೇ ಇದೆ. ಎರಡು ಪದಾರ್ಥಗಳನ್ನು ಒಂದಡಿ ಅಂತರದಲ್ಲಿ ಹಿಡಿದು "ಯಾವುದು ಬೇಕು?" ಎಂದು ಕೇಳಿ, ಹತ್ತು ಸೆಕೆಂಡ್ ಕಾಯಿರಿ. ಹತ್ತು ಸೆಕೆಂಡ್ ಎಂದರೆ ಕಾಯುವವರಿಗೆ ಬಹಳ ದೀರ್ಘ, ಹೆಚ್ಚಿನವರು ಮೂರಕ್ಕೇ ಮತ್ತೆ ಕೇಳಿಬಿಡುತ್ತಾರೆ. ಆಗ ಮಗು ಕೊಡಲು ಹೊರಟಿದ್ದ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಮಗು ನೋಡಿದ್ದನ್ನೇ ಕೊಡಿ, ತಪ್ಪಾಗಿ ನೋಡಿದೆ ಅನಿಸಿದರೂ. ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಅದು "ಸಾಕು". ಅದನ್ನು ಒಪ್ಪದೆ ಇನ್ನೆರಡು ತುತ್ತು ತುರುಕಿದರೆ, ತನಗೆ ಬರುವ ಒಂದೇ ಮಾತಿಗೂ ಬೆಲೆಯಿಲ್ಲ ಎಂದು ಮಗು ಕಲಿಯುತ್ತದೆ. ಬೇಕಾದದ್ದನ್ನು ತೋರಿಸಿ ಹೇಳಲು ಚಿತ್ರದ ಹಲಗೆ ಕೊಟ್ಟರೆ ಮಾತು ಬರುವುದು ನಿಂತುಹೋದೀತು ಎಂಬ ಭಯಕ್ಕೆ ಆಧಾರವಿಲ್ಲ.

ಎತ್ತುವ ವಿಷಯಕ್ಕೆ ಬಂದರೆ ಮೊದಲು ಲೆಕ್ಕ ಹಾಕಿ. 15 ಕೆ.ಜಿ. ಮಗುವನ್ನು ದಿನಕ್ಕೆ 20 ಸಲ ಎತ್ತಿದರೆ 300 ಕೆ.ಜಿ. ಮಗು ಬೆಳೆಯುತ್ತಲೇ ಹೋಗುತ್ತದೆ, ಎತ್ತುವವರ ಬೆನ್ನಿಗೆ ವಯಸ್ಸಾಗುತ್ತಲೇ ಹೋಗುತ್ತದೆ. ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ ಎಂಬ ಉಪದೇಶವನ್ನು ಎಲ್ಲರೂ ಕೊಡುತ್ತಾರೆ. ಎತ್ತುವ ಸಲಗಳನ್ನೇ ಕಡಿಮೆ ಮಾಡಿ ಎನ್ನುವವರು ಕಡಿಮೆ. ಒಂದು ದಿನ ಎತ್ತಿದಾಗಲೆಲ್ಲ ಗೋಡೆಯ ಮೇಲೊಂದು ಗೀಟು ಎಳೆಯಿರಿ. ಸ್ನಾನದಿಂದ ಹಾಸಿಗೆಗೆ, ಹಾಸಿಗೆಯಿಂದ ಚಾಪೆಗೆ, ಚಾಪೆಯಿಂದ ಕುರ್ಚಿಗೆ ಎನ್ನುವ ಕಡೆ ಸ್ನಾನದ ಜಾಗದಲ್ಲೇ ಒರೆಸಿ ಬಟ್ಟೆ ತೊಡಿಸಿ ನೇರ ಕುರ್ಚಿಗೆ ಕೂರಿಸಿದರೆ ಎರಡು ಗೀಟು ಉಳಿಯಿತು. ಬಟ್ಟೆ, ಡಯಾಪರ್ ಬದಲಿಸುವ ಹಲಗೆ ನಿಮ್ಮ ಸೊಂಟದೆತ್ತರಕ್ಕಿರಲಿ, ಆದರೆ ಅದರ ಮೇಲಿರುವ ಮಗುವಿನಿಂದ ಒಂದು ಕೈ ಎಂದೂ ತೆಗೆಯಬೇಡಿ.

ಸೆಟೆದ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿದರೆ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡು ಇನ್ನೂ ಸೆಟೆಯುತ್ತದೆ. ಪಕ್ಕಕ್ಕೆ ಮಗ್ಗುಲಾಗಿಸಿ, ಮಂಡಿ ಸೊಂಟ ಮಡಚಿ, ಭುಜದ ಹಿಂದೆ ಒಂದು ಕೈ, ತೊಡೆಗಳಡಿ ಒಂದು ಕೈ ಇಟ್ಟು ಮೈಗೆ ಒತ್ತಿಕೊಂಡು ಎತ್ತಿ. ಬಟ್ಟೆಯನ್ನೂ ಮಗ್ಗುಲಾಗಿಸಿಯೇ ತೊಡಿಸಿ. ಅಂಗಾತ ಮಲಗಿಸಿದಾಗಲೇ ಸೆಟೆತ ಹೆಚ್ಚು. ಹೆಚ್ಚು ಬಿಗಿದ ಕೈಗೆ ತೋಳು ಮೊದಲು ತೊಡಿಸಿ, ಕಳಚುವಾಗ ಕೊನೆಗೆ. ಬೆರಳು ಹಿಡಿದು ತೋಳಿನಿಂದ ಹೊರಗೆಳೆದರೆ ಮೊಣಕೈ ಮಡಚಿಕೊಳ್ಳುತ್ತದೆ, ಭುಜದಿಂದ ಶುರುಮಾಡಿ ಕೆಳಕ್ಕೆ ಸಡಿಲಿಸಿ.

ಡಯಾಪರ್ ಬದಲಿಸುವಾಗ ಕಾಲು ಮೊದಲಿನಷ್ಟು ಅಗಲವಾಗದಿದ್ದರೆ, ಮಗು ಅಳತೊಡಗಿದರೆ, ಒಂದು ಕಾಲು ಗಿಡ್ಡ ಕಂಡರೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ. ಈ ಯಾವ ಲಕ್ಷಣವೂ ಇಲ್ಲದೆಯೂ ಕೀಲು ಜಾರುತ್ತಿರಬಹುದು. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪೈಕಿ ಶೇ 35ರಷ್ಟು ಮಂದಿಯ ಸೊಂಟದ ಕೀಲು ಜಾರಿತ್ತು. ಚಲನೆಯ ಮಿತಿಯನ್ನು ಐದು ಹಂತಗಳಲ್ಲಿ ಗುರುತಿಸುತ್ತಾರೆ; ಮಿತಿ ಅತಿ ಹೆಚ್ಚಿರುವ ಐದನೇ ಹಂತದ ಮಕ್ಕಳಲ್ಲಿ ಇದು ಶೇ 90. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಇಂಥ ಮಕ್ಕಳನ್ನೆಲ್ಲ ನಿಯಮಿತವಾಗಿ ಎಕ್ಸ್‌ರೇ ತೆಗೆದು ಗಮನಿಸುತ್ತ ಬಂದರು, ಕೀಲು ಪೂರ್ತಿ ತಪ್ಪುವ ಪ್ರಕರಣಗಳು ಹೆಚ್ಚುಕಡಿಮೆ ಇಲ್ಲವಾದವು. ನಡೆಯದ ಮಗುವಿಗೆ ನೋವಿಲ್ಲದಿದ್ದರೂ ಆರು ತಿಂಗಳಿಂದ ವರ್ಷಕ್ಕೊಮ್ಮೆ ಎಕ್ಸ್‌ರೇ ಬೇಕೇ ಎಂದು ಮೂಳೆ ವೈದ್ಯರನ್ನು ನೀವಾಗಿಯೇ ಕೇಳಿ.

ಈ ಎಲ್ಲ ಕೆಲಸ ಮನೆಯಲ್ಲಿ ಒಬ್ಬರಿಗೇ ಗೊತ್ತಿದ್ದರೆ ಅದು ಮಗುವಿಗೂ ಅಪಾಯ. ಅವರಿಗೆ ಜ್ವರ ಬಂದ ದಿನ ಮಗುವಿಗೆ ಊಟವಿಲ್ಲ. "ಬೇರೆಯವರ ಕೈಯಲ್ಲಿ ತಿನ್ನಲ್ಲ" ಎಂಬ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ಅಮ್ಮಂದಿರು ಅದನ್ನು ಅರ್ಧ ದೂರಾಗಿ, ಅರ್ಧ ಹೆಮ್ಮೆಯಾಗಿ ಹೇಳುತ್ತಾರೆ. ಅಪ್ಪ, ಅಜ್ಜಿ, ಚಿಕ್ಕಪ್ಪ, ಯಾರೇ ಕಲಿಯಲಿ, "ಸ್ವಲ್ಪ ಹಿಡ್ಕೊಳ್ಳಿ" ಎಂದು ಚೂರುಚೂರು ಸಹಾಯ ಕೇಳುವುದರಿಂದ ಯಾರೂ ಕಲಿಯುವುದಿಲ್ಲ. ಕೂರಿಸುವುದರಿಂದ ಹಿಡಿದು ಬಾಯಿ ತೊಳೆಸುವವರೆಗೆ ಒಂದು ಹೊತ್ತಿನ ಊಟವನ್ನು ಪೂರ್ತಿ ಬಿಟ್ಟುಕೊಡಬೇಕು. ಮೊದಲ ಎರಡು ಮೂರು ದಿನ ಪಕ್ಕದಲ್ಲಿ ಕೂತು ತೋರಿಸಿ. ಮಗುವಿಗೆ ಫಿಟ್ಸ್ ಬರುವುದಿದ್ದರೆ ಅದನ್ನೂ ಹೇಳಿಕೊಡಿ: ಪಕ್ಕಕ್ಕೆ ಮಲಗಿಸಬೇಕು, ಬಾಯಿಗೇನೂ ಹಾಕಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ವೈದ್ಯರು ಕೊಟ್ಟ ತುರ್ತು ಔಷಧ ಕೊಟ್ಟು ಆಸ್ಪತ್ರೆಗೆ ಹೊರಡಬೇಕು.

ಆಮೇಲೆ ಆ ಹೊತ್ತಿಗೆ ಮನೆಯಿಂದ ಹೊರಗೆ ಹೋಗಿ. ಒಳಗಿದ್ದರೆ ಬಾಗಿಲಲ್ಲಿ ನಿಂತು ತಿದ್ದುತ್ತೀರಿ, ಮಗುವೂ ನಿಮ್ಮತ್ತಲೇ ನೋಡುತ್ತದೆ. ಬೆಲ್ಟ್ ಹಾಕಿರಬೇಕು, ಗದ್ದ ತಗ್ಗಿರಬೇಕು, ನೀರು ಹೇಳಿದ ಹಂತದಲ್ಲೇ ಇರಬೇಕು, ಕೆಮ್ಮಿದರೆ ನಿಲ್ಲಿಸಬೇಕು. ಈ ನಾಲ್ಕರಲ್ಲಿ ರಾಜಿ ಬೇಡ. ಉಳಿದದ್ದರಲ್ಲಿ, ಯಾವ ಹಾಡು, ಯಾವ ಬಟ್ಟಲು, ಮೈಮೇಲೆ ಎಷ್ಟು ಚೆಲ್ಲಿತು ಎಂಬುದರಲ್ಲೆಲ್ಲ, ಅವರ ದಾರಿ ಅವರಿಗೆ ಬಿಡಿ. ಮೊದಲ ವಾರ ಮಗು ಕಡಿಮೆ ತಿನ್ನುತ್ತದೆ, ಆ ಕೊರತೆಯನ್ನು ಮುಂದಿನ ಹೊತ್ತಿನಲ್ಲಿ ತುಂಬಿಸಬಹುದು. ಎರಡು ವಾರ ಕಳೆದು ತೂಕ ನೋಡಿ. ಇಳಿದಿಲ್ಲವೆಂದಾದರೆ ಆ ಹೊತ್ತಿನ ಊಟ ಇನ್ನು ಅವರದ್ದೇ.